ಸ್ವಭಾವವೇ ಹಾಗೆ

"ಸ್ವಲ್ಪ ಎಡಕ್ಕೆ... ಗೋಡೆ ತಾಗ್ತಿದೆ. ಭಾವ, ನಿಮ್ಮ ಕಡೆ ಎತ್ತಿ!"

ಮೆಟ್ಟಿಲ ತಿರುವಿನಲ್ಲಿ ಅವಳ ಶವದ ಪೆಟ್ಟಿಗೆ ಸಿಕ್ಕಿಕೊಂಡಿತ್ತು. ಮುಂದೆ ಅವಳ ತಮ್ಮ, ಅವನ ಪಕ್ಕದಲ್ಲಿ ಅವಳನ್ನು ಬಿಟ್ಟುಹೋಗಿ ಎಷ್ಟೋ ವರ್ಷವಾಗಿದ್ದ ಗಂಡ. ಹಿಂಬದಿಯಲ್ಲಿ ಅವಳು ಕೆಲಸ ಮಾಡುತ್ತಿದ್ದ ಸಲೂನಿನ ಒಡತಿ. ನಾಲ್ಕನೆಯವರು ಯಾರೂ ಇರಲಿಲ್ಲವಾದ್ದರಿಂದ ಶವವಾಹನದ ಚಾಲಕನೇ ಹೆಗಲು ಕೊಟ್ಟಿದ್ದ. ಮೇಲೆ ಮಗಳು ಬಾಗಿಲಿಗೆ ಬೀಗ ಹಾಕುತ್ತಿದ್ದಳು. ಎದುರುಮನೆಯ ಬಾಗಿಲು ಒಂದಿಷ್ಟೇ ತೆರೆದು, ಸದ್ದಿಲ್ಲದೆ ಮುಚ್ಚಿಕೊಂಡಿತು.

"ಇಷ್ಟೇ ಜನಾನಾ?" ಚಾಲಕ ಏದುಸಿರು ಬಿಡುತ್ತ ಕೇಳಿದ.

"ಇಷ್ಟೇ," ಎಂದಳು ಒಡತಿ. "ಅರ್ಧ ಊರಿನ ತಲೆ ಇವಳ ಕೈಯಲ್ಲಿತ್ತು. ಆ ಅರ್ಧ ಊರಿನ ಜೊತೆಗೂ ಜಗಳ."

ವಾಹನ ಹೊರಟ ಮೇಲೆ ಒಡತಿಗೆ ಸುಮ್ಮನಿರಲಾಗಲಿಲ್ಲ. "ನಾವೆಲ್ಲ ಅವಳನ್ನ ಪಟಾಕಿ ಅಂತಿದ್ವಿ. ನಾನು ಎಷ್ಟು ಸಲ ಕೆಲಸದಿಂದ ತೆಗೆದೆನೋ ಅಷ್ಟೇ ಸಲ ಸೇರಿಸ್ಕೊಂಡೆ. ಒಬ್ಬ ಗಿರಾಕಿಗೆ ಕಾಯಿಲೆ ಬಂದು ಕೂದಲು ಉದುರ್ತಿತ್ತು. ಇವಳು ಭಾನುವಾರ ಅವರ ಮನೆಗೇ ಹೋಗಿ, ಪಕ್ಕದಲ್ಲಿ ಕೂತು, ನಗಿಸ್ತಾ ನಗಿಸ್ತಾ ತಲೆ ಬೋಳಿಸಿ ಬಂದ್ಲು. ಮುಂದಿನ ವಾರ ಅದೇ ಹೆಂಗಸು ಫೋನ್ ಎತ್ತಲಿಲ್ಲ ಅಂತ ಅಂಗಡಿ ತುಂಬಾ ಕೇಳೋ ಹಾಗೆ ಬೈದ್ಲು. ಏನ್ಮಾಡೋದು, ಸ್ವಭಾವಾನೇ ಹಾಗೆ."

ಗಂಡ ಕಿಟಕಿಯಾಚೆ ನೋಡುತ್ತಿದ್ದ. "ಸಂಸಾರ ಉಳಿಸ್ಕೊಳ್ಳೋಕೆ ಮನೆ ಬದಲಾಯಿಸ್ದೆ, ಕೆಲಸ ಬದಲಾಯಿಸ್ದೆ. ಡಾಕ್ಟರ ಹತ್ರ ಹೋಗೋಣ ಅಂತ ಮಾತ್ರ ಹೊಳೀಲೇ ಇಲ್ಲ. ಜ್ವರ ಬಂದಿದ್ರೆ ಹೊಳೀತಿತ್ತು."

ಜ್ವರ ಕೊನೆಗೆ ಬಂದಿತ್ತು. ಎದೆಯಲ್ಲಿ ಸೋಂಕು. ಆಸ್ಪತ್ರೆಗೆ ಸೇರಿದ ಮರುದಿನವೇ, ದಾದಿಯೊಬ್ಬಳು ತನ್ನನ್ನು ಅಸಡ್ಡೆಯಿಂದ ನೋಡಿದಳೆಂದು ರಂಪ ಮಾಡಿ, ವೈದ್ಯರು ಬೇಡವೆಂದರೂ ಕೇಳದೆ ಮನೆಗೆ ಬಂದು, ಅಲ್ಲೇ ಕೊನೆಯುಸಿರೆಳೆದಿದ್ದಳು.

"ಮಾಮ," ಮಗಳು ಕೇಳಿದಳು. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು. "ಅಮ್ಮಂಗೆ ಯಾವತ್ತಾದ್ರೂ ತನಗೇ ಅನ್ಸಿತ್ತಾ? ತನ್ನಲ್ಲೇನೋ ಸರಿಯಿಲ್ಲ ಅಂತ?"

ತಮ್ಮ ತನ್ನ ಬೂಟಿನ ತುದಿ ನೋಡಿಕೊಂಡ.

"ಇಲ್ಲಮ್ಮ," ಎಂದ. "ಯಾವತ್ತೂ ಅನ್ಸಿರ್ಲಿಲ್ಲ."

*

ಮಗಳಿಗೆ ಆಗ ಒಂಬತ್ತು ವರ್ಷ. ಆ ದಿನ ಬೆಳಿಗ್ಗೆ ತಾಯಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನನ್ನ ಚಿನ್ನಕ್ಕಿರೋಂಥ ಕೂದಲು ಇಡೀ ಊರಲ್ಲೇ ಯಾರಿಗೂ ಇಲ್ಲ" ಎಂದು ಮುದ್ದಾಡಿದ್ದಳು. ಮಧ್ಯಾಹ್ನ ಮಗು ಆಡುತ್ತ ಆಡುತ್ತ, "ಅತ್ತೆ ಹಾಕೋ ಜಡೆ ಬಿಚ್ಚೋದೇ ಇಲ್ಲ ಅಮ್ಮ" ಎಂದಿತು. ಅಷ್ಟೇ.

"ಹಾಗಾದ್ರೆ ಅವಳ ಮನೇಲೇ ಇರು. ನಾನ್ಯಾಕೆ ನಿನಗೆ?"

ಕತ್ತರಿ ಮೇಜಿನ ಮೇಲಿತ್ತು. ಜಡೆ ಬುಡದಿಂದಲೇ ನೆಲಕ್ಕೆ ಬಿತ್ತು.

ಸಂಜೆ ತಮ್ಮ ಬಂದಾಗ ಅವಳು ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಜಡೆಯನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು.

"ಇದು ಸಿಟ್ಟಲ್ಲ ಕಣೋ. ಸಿಟ್ಟು ಹೇಗಿರುತ್ತೆ ಅಂತ ನಂಗೊತ್ತು. ಇದು ಬಂದಾಗ, ಎದುರಿಗಿರೋರು ಇನ್ನೇನು ಬಿಟ್ಟುಹೋಗ್ತಾರೆ ಅನ್ಸುತ್ತೆ. ಅವರು ಹೋಗೋ ಮುಂಚೆ ನಾನೇ ಓಡಿಸ್ಬಿಡ್ಬೇಕು ಅನ್ಸುತ್ತೆ. ಓಡಿಸಿದ ಮೇಲೆ ಅವರಿಲ್ದೆ ಉಸಿರು ಕಟ್ಟುತ್ತೆ. ಯಾರಿಗಾದ್ರೂ ತೋರಿಸ್ಬೇಕು. ನೀನು ಜೊತೇಲಿ ಬರ್ತೀಯಾ?"

ತಮ್ಮನಿಗೆ ಭಯವಾಯಿತು. ಮನೋವೈದ್ಯರ ಬಾಗಿಲಲ್ಲಿ ತಾವಿಬ್ಬರೂ ಕೂತಿರುವುದನ್ನು ಯಾರಾದರೂ ನೋಡಿಬಿಟ್ಟರೆ?

"ಹುಚ್ಚಾ ನಿನಗೆ? ಸ್ವಭಾವ ಅಕ್ಕ, ಅಷ್ಟೆ. ಚಿಕ್ಕಂದಿನಿಂದ್ಲೂ ನೀನು ಹೀಗೇ. ಒಂದು ಒಳ್ಳೆ ನಿದ್ದೆ ಮಾಡು, ಸರಿಹೋಗುತ್ತೆ."

ಅವಳು ಅವನ ಮುಖ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು ನಕ್ಕಳು. "ಹೌದಲ್ವಾ? ಹುಚ್ಚಿ ಅಲ್ಲ ತಾನೆ ನಾನು?"

ಮತ್ತೆ ಯಾವತ್ತೂ ಕೇಳಲಿಲ್ಲ. ಗಂಡ ಹೋದಾಗಲೂ ಕೇಳಲಿಲ್ಲ. ಮಗಳು ಹಾಸ್ಟೆಲಿಗೆ ಹೋದವಳು ರಜೆಗೂ ಬರುವುದನ್ನು ನಿಲ್ಲಿಸಿದಾಗಲೂ ಕೇಳಲಿಲ್ಲ.

*

ಮಣ್ಣು ಮುಚ್ಚಿದ ಮೇಲೆ ಗಂಡ ಮತ್ತು ಒಡತಿ ಬೇರೆ ಬೇರೆ ದಿಕ್ಕಿಗೆ ಹೊರಟುಹೋದರು. ಸ್ಮಶಾನದ ಗೇಟಿನ ಹೊರಗೆ ಕಲ್ಲುಬೆಂಚಿನ ಮೇಲೆ ಮಾಮ, ಸೋದರಸೊಸೆ ಇಬ್ಬರೇ ಕೂತರು. ಅವಳು ಫೋನು ತೆಗೆದು ನೋಡುತ್ತಿದ್ದಳು, ಇಡುತ್ತಿದ್ದಳು, ಮತ್ತೆ ತೆಗೆಯುತ್ತಿದ್ದಳು.

"ಅವನು ಬರ್ಲಿಲ್ವಾ?" ಮಾಮ ಕೇಳಿದ. ಅವಳು ಮದುವೆಯಾಗಬೇಕೆಂದಿದ್ದ ಹುಡುಗನ ಬಗ್ಗೆ ಅವನು ಕೇಳಿದ್ದು.

"ನಾನೇ ಬರಬೇಡ ಅಂದೆ. ಮುಖ ತೋರಿಸ್ಬೇಡ ಅಂದೆ. ಆಮೇಲೆ ಯಾಕೆ ಬರ್ಲಿಲ್ಲ ಅಂತ ಬೆಳಗಿಂದ ಮೆಸೇಜ್ ಮೇಲೆ ಮೆಸೇಜ್ ಹಾಕ್ತಿದೀನಿ." ಅವಳು ಫೋನನ್ನು ಮಡಿಲಲ್ಲಿ ಬೋರಲು ಹಾಕಿದಳು. "ಮೊನ್ನೆ ಅವನ ಮೇಲೆ ಕುರ್ಚಿ ಎತ್ತಿದ್ದೆ, ಮಾಮ. ಹೊರಟು ನಿಂತಾಗ ಕಾಲು ಹಿಡ್ಕೊಂಡೆ. ಕನ್ನಡೀಲಿ ನೋಡ್ಕೊಂಡ್ರೆ ಅಮ್ಮನೇ ನಿಂತ ಹಾಗಿತ್ತು. ನಾನು ಯಾರಿಗಾದ್ರೂ ತೋರಿಸ್ಕೋಬೇಕಾ?"

ಮಾಮ ಅವಳತ್ತ ತಿರುಗಿ ಕೂತ. ಈ ಸಲ ತಡಮಾಡಬಾರದು.

"ಹೌದು, ತೋರಿಸ್ಬೇಕು ಕಣಮ್ಮ. ಇವತ್ತೇ. ನಾನೇ ಕರ್ಕೊಂಡು ಹೋಗ್ತೀನಿ, ಹೊರಗೆ ಕೂತಿರ್ತೀನಿ."

ಅವಳು ತಲೆಯೆತ್ತಿದಳು. ಅವಳ ಮುಖದ ಮೇಲೆ ಅವನು ಬಲ್ಲ ನೆರಳೊಂದು ಹಾದುಹೋಯಿತು.

"ಓಹೋ. ನನ್ನನ್ನ ಹುಚ್ಚಿ ಅನ್ನೋಕೆ ಕಾಯ್ತಾನೇ ಇದ್ದೆ ಅಲ್ವಾ ನೀನು?"

"ಹಾಗಲ್ಲ, ಮಗಳೇ..."

"ಅಮ್ಮಂಗೇ ಯಾವತ್ತೂ ಅನ್ಸಿರ್ಲಿಲ್ಲ ಅಂದೆ. ಅಮ್ಮನ ಜೊತೆ ಯಾವ ಡಾಕ್ಟರ ಹತ್ರಾನೂ ಹೋಗ್ಲಿಲ್ಲ ನೀನು. ಅಂದ್ರೆ ನಾನು ಅಮ್ಮನಿಗಿಂತ ಕೆಟ್ಟವಳಾ? ನೀನೂ ಎಲ್ಲರ ಹಾಗೇನೇ. ಇನ್ಮೇಲೆ ನನ್ನ ಹತ್ರ ಮಾತಾಡ್ಬೇಡ."

"ಕೂತ್ಕೋ, ನಿನ್ನಮ್ಮ ಕೇಳಿದ್ಲು. ಒಂದು ದಿನ ನನ್ನನ್ನೇ..."

ಅವಳು ಆಗಲೇ ರಸ್ತೆಗಿಳಿದಿದ್ದಳು. ಲಾರಿಯೊಂದರ ಹಾರನ್ನಿನಲ್ಲಿ ಅವನ ಮಾತು ಮುಳುಗಿಹೋಯಿತು. ಅವಳು ಆಚೆ ಬದಿಯ ಬಸ್ ನಿಲ್ದಾಣದಲ್ಲಿ ಅವನಿಗೆ ಬೆನ್ನು ಹಾಕಿ ನಿಂತಳು.

ಬಸ್ಸು ಬಂದು ಅವಳನ್ನು ಮರೆಮಾಡಿತು. ಹೋಯಿತು. ಅವಳು ಅಲ್ಲೇ ಇದ್ದಳು. ಇನ್ನೊಂದು ಬಂತು, ಬಾಗಿಲು ತೆರೆದು ಸ್ವಲ್ಪ ಹೊತ್ತು ಕಾದು, ಮುಚ್ಚಿಕೊಂಡು ಹೊರಟಿತು. ಈ ಸಲ ಅವಳು ಇತ್ತ ತಿರುಗಿ ನಿಂತಿದ್ದಳು. ಮಾಮ ಎದ್ದು ಒಂದು ಹೆಜ್ಜೆ ಮುಂದಿಟ್ಟ. ಅವಳು ಒಂದು ಹೆಜ್ಜೆ ಹಿಂದಿಟ್ಟಳು. ಅವನು ನಿಂತ. ಅವಳೂ ನಿಂತಳು. ನಡುವೆ ವಾಹನಗಳು ಹೋಗುತ್ತಲೇ ಇದ್ದವು.