ನಡುಮನೆಯ ದೀಪಕ್ಕೆ ಎರಡು ಫ್ಯೂಸು

ಸಾವಿರದ ಒಂಬೈನೂರ ನಲವತ್ತೊಂದನೇ ಇಸವಿಯ ಮಾವಿನ ಸುಗ್ಗಿಯಲ್ಲಿ, ಜಗತ್ತಿನ ದೊರೆಗಳೆಲ್ಲ ಯುದ್ಧದಲ್ಲಿ ತೊಡಗಿದ್ದಾಗ, ಶ್ರೀನಿವಾಸಪುರದ ಮಾವಿನ ವರ್ತಕ ಕೋದಂಡರಾಮಪ್ಪನವರು ಅದಕ್ಕಿಂತ ಗಂಭೀರವಾದ ತೀರ್ಮಾನಕ್ಕೆ ಬಂದರು: ನಡುಮನೆಯ ದೀಪ ಬದಲಾಯಿಸಬೇಕು. ಸಂಜೆ ಆರಕ್ಕೆ ಮಗಳು ಆದಿಲಕ್ಷ್ಮಿಯನ್ನು ನೋಡಲು ಮುಳಬಾಗಿಲಿನಿಂದ ಗಂಡಿನ ಕಡೆಯವರು ಬರುವವರಿದ್ದರು. ತುಕ್ಕುಹಿಡಿದ ತಗಡಿನ ದೀಪದ ಕೆಳಗೆ ಹೆಣ್ಣು ತೋರಿಸುವುದು ಹೇಗೆ? ಬೆಂಗಳೂರಿನಿಂದ ಹಾಲುಗಾಜಿನ ಗುಂಡು ದೀಪ ತರಿಸಿದ್ದರು.

ಕೋಲಾರದಿಂದ ಬಸ್ಸಿನಲ್ಲಿ ಬಂದ ವೈರ್‌ಮನ್ ಕದಿರೇಶ ಮೊದಲು ಮಾಡಿದ ಕೆಲಸವೆಂದರೆ ಮೀಟರಿನ ಪಕ್ಕದ ಪಿಂಗಾಣಿ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡದ್ದು.

"ಏನಯ್ಯಾ, ನಮ್ಮ ಫ್ಯೂಸು ನಿನ್ನ ಜೇಬಿಗ್ಯಾಕೆ?"

"ನಾನು ಮೇಲಿರುವಾಗ ಯಾರೂ ಹಾಕಬಾರದಲ್ಲ, ಸ್ವಾಮಿ."

"ಯಾರು ಹಾಕ್ತಾರೆ? ನಮ್ಮನೇಲಿ ಕೊಲೆಗಾರರಿದ್ದಾರಾ?"

ಕರೆಂಟು ನಿಂತಿದೆಯೇ ಎಂದು ನೋಡಲು ಕದಿರೇಶ ಸ್ವಿಚ್ಚು ಹಾಕಿದ. ಫ್ಯೂಸು ಜೇಬಿನಲ್ಲಿದ್ದರೂ ಹಳೇ ದೀಪ ಹೊತ್ತಿಕೊಂಡಿತು.

ಕೋದಂಡರಾಮಪ್ಪನವರು ಥಟ್ಟನೆ ಗೋಡೆಯ ಕಡೆ ತಿರುಗಿದರು. ಗೋಡೆಯಾಚೆ ಇದ್ದವನು ತಮ್ಮ ವೆಂಕಟರಮಣಪ್ಪ. ಎರಡು ವರ್ಷದ ಹಿಂದೆ ಮನೆ ಭಾಗವಾದಾಗ ಎದ್ದ ಗೋಡೆ ಅದು. ಭಾಗಪತ್ರದಲ್ಲಿ ತೊಲೆಗಳನ್ನು ಬರೆದಿದ್ದರು, ಒರಳುಕಲ್ಲು ಬರೆದಿದ್ದರು, ಹಿತ್ತಲಿನ ಕರಿಬೇವನ್ನೂ ಬರೆದಿದ್ದರು. ಸೂರಿನ ಮರದ ಪಟ್ಟಿಯಲ್ಲಿ ಹರಿದಾಡುವ ತಂತಿ ಮಾತ್ರ ಯಾರಿಗೂ ನೆನಪಾಗಲಿಲ್ಲ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ತಮ್ಮ ತನ್ನ ಕರೆಂಟು ಕದಿಯುತ್ತಿದ್ದಾನೆಂದು ಕೋದಂಡರಾಮಪ್ಪನವರು ಮಾವಿನ ಮಂಡಿಗೆಲ್ಲ ಸಾರಿದ್ದರು.

"ನಾನು ಹೇಳ್ತಿರ್ಲಿಲ್ವಾ? ಏನೋ ಕಿತಾಪತಿ ಮಾಡಿದಾನೆ ಅವನು!"

"ಅವರೇನೂ ಮಾಡಿಲ್ಲ, ಸ್ವಾಮಿ. ಈ ದೀಪ ಉರೀತಿರೋದು ಆ ಕಡೆ ಮೀಟರಲ್ಲಿ."

ಹೆಂಡತಿ ಆಂಜಿನಮ್ಮ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಸರಿದರು.

ಕೋದಂಡರಾಮಪ್ಪನವರಿಗೆ ಈಗ ವೈರ್‌ಮನ್ ಮೇಲೂ ಅನುಮಾನ ಬಂತು. "ಅವನೇ ನಿನ್ನ ಕಳಿಸಿದ್ನೇನೋ? ಸ್ವಿಚ್ಚು ಆರಿಸಿ ಹತ್ತು, ಸಾಕು."

"ಸಾಲದು. ದೀಪ ಆರಿದ ಮಾತ್ರಕ್ಕೆ ಸೂರಿನಲ್ಲಿ ಕರೆಂಟಿಲ್ಲ ಅಂತಲ್ಲ. ಆ ಮನೆ ಫ್ಯೂಸು ನನ್ನ ಜೇಬಿಗೆ ಬರೋವರೆಗೂ ಏಣಿ ಹತ್ತಲ್ಲ."

"ನಾನು ಅವನ ಮನೆ ಬಾಗಿಲಿಗೆ ಹೋಗಬೇಕಾ?"

"ಹೋಗದಿದ್ರೆ ನಾನು ಐದರ ಬಸ್ಸಿಗೆ ಹೋಗ್ತೀನಿ."

ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಕೋದಂಡರಾಮಪ್ಪನವರು ಪೇಟ ಸುತ್ತಿಕೊಂಡು, ಹನ್ನೆರಡು ಹೆಜ್ಜೆ ದೂರದ ಪಕ್ಕದ ಜಗಲಿಗೆ ಊರಿಗೆ ಹೊರಟವರ ಹಾಗೆ ಹೊರಟರು.

"ನಿನ್ನ ಫ್ಯೂಸು ಬೇಕಾಗಿತ್ತು," ಅಂದರು ಕಂಬದ ಕಡೆ ನೋಡುತ್ತಾ.

ವೆಂಕಟರಮಣಪ್ಪ ಅಣ್ಣನನ್ನು ಅಡಿಯಿಂದ ಮುಡಿವರೆಗೆ ನೋಡಿದ. "ನನ್ನ ಮನೆ ಕತ್ತಲೆ ಮಾಡಿ ಏನು ಮಾಡ್ಬೇಕು ಅಂತಿದ್ದೀಯಣ್ಣಾ?"

ಹಿಂದೆಯೇ ಬಂದಿದ್ದ ಕದಿರೇಶ ವಿಷಯ ಹೇಳಿದ. ವೆಂಕಟರಮಣಪ್ಪ ನಗಲಿಲ್ಲ. ಫ್ಯೂಸು ಕೊಟ್ಟ, ಆದರೆ ಅದಿರುವ ಜೇಬನ್ನು ಕಾಯಲು ತಾನೂ ಬಂದು ಏಣಿ ಹಿಡಿದುಕೊಂಡ. ತಮ್ಮ ಏಣಿ ಅಲ್ಲಾಡಿಸಿಯಾನೆಂದು ಅಣ್ಣ ಇನ್ನೊಂದು ಕಾಲು ಹಿಡಿದುಕೊಂಡರು.

ಕದಿರೇಶ ಮತ್ತೆ ಸ್ವಿಚ್ಚು ಹಾಕಿ ನೋಡಿದ, ದೀಪ ಹೊತ್ತಲಿಲ್ಲ. ಮೇಲೆ ಹತ್ತಿ ದೀಪದ ಬುಡದ ಮರದ ಬಿಲ್ಲೆ ಬಿಚ್ಚಿ, ಪರೀಕ್ಷೆ ಬಲ್ಬಿನ ತುದಿ ತಗುಲಿಸಿದ, ಅದೂ ಹೊತ್ತಲಿಲ್ಲ. ಆಮೇಲೆ ತಂತಿಗಳನ್ನು ಒಂದೊಂದಾಗಿ ಎಳೆದು ನೋಡಿದ.

"ಕರೆಂಟು ತರೋ ಕೆಂಪು ತಂತಿ ನೇರವಾಗಿ ದೀಪಕ್ಕೇ ಬಂದಿದೆ. ಸ್ವಿಚ್ಚಿಗೆ ಹೋಗಿರೋದು ಕರೆಂಟು ವಾಪಸ್ ಹೋಗೋ ಕಪ್ಪು ತಂತಿ. ಸ್ವಿಚ್ಚು ನಂಬಿ ಹತ್ತಿದ್ರೆ ನಾನು ಇಳೀತಿರ್ಲಿಲ್ಲ, ಸ್ವಾಮಿ. ನೀವಿಬ್ರೂ ಇಳಿಸ್ತಿದ್ರಿ."

ಏಣಿಯ ಎರಡೂ ಕಾಲುಗಳ ಮೇಲಿನ ಹಿಡಿತ ಗಟ್ಟಿಯಾಯಿತು.

ಅವನು ತಂತಿ ಅದಲುಬದಲು ಮಾಡಿ, ಗುಂಡು ತೂಗುಹಾಕಿ, ಇಬ್ಬರ ಫ್ಯೂಸನ್ನೂ ಅವರವರ ಮೀಟರಿಗೆ ಸಿಕ್ಕಿಸಿದ. ಎರಡು ಮನೆಯ ತಂತಿ ಬೇರೆ ಮಾಡಲು ಇಡೀ ದಿನ ಬೇಕು, ಇನ್ನೊಮ್ಮೆ ಬರ್ತೀನಿ ಎಂದ.

ಆರು ಗಂಟೆಗೆ ಗಂಡಿನ ಕಡೆಯವರು ಬಂದಾಗ ದೀಪ ಹೊತ್ತಿತು. ಗೋಡೆಯಾಚೆ ತಮ್ಮನ ಮೀಟರು ತಿರುಗಿತು.