ಕೆಟ್ಟ ಫ್ರಿಜ್ಜಿನ ಕಾವು

ನಮ್ಮ ಮಾವ ಶಟ್ಟೆಪ್ಪನವರು ಮೂವತ್ತು ವರ್ಷ ಬಸ್ಸು ಓಡಿಸಿದವರು. ಎಂಜಿನ್ ಎಷ್ಟು ಕಾದಿದೆ ಎಂದು ಬಾನೆಟ್ಟಿನ ಮೇಲೆ ಕೈಯಿಟ್ಟೇ ಹೇಳುತ್ತಿದ್ದರಂತೆ. ಅಂಥವರಿಗೆ ಒಂದು ಕೆಟ್ಟ ಫ್ರಿಜ್ಜು ನೀರು ಕುಡಿಸಿತು.

ಇದಕ್ಕೆಲ್ಲ ಕಾರಣ ನಮ್ಮ ಅತ್ತೆ ರಾಯವ್ವನವರ ನಾಲಿಗೆ. ಅವರಿಗೆ ತಂಬಾಕು ಬೇಕು, ಅದೂ ತವರಿನದೇ ಆಗಬೇಕು. ರಾಮದುರ್ಗದಿಂದ ಅವರ ಅಣ್ಣ ಸೋಮಪ್ಪ ಕಳಿಸಿದ್ದನ್ನು ಸಂಚಿಯಲ್ಲಿ ತುಂಬಿಕೊಂಡು, ನಲವತ್ತು ವರ್ಷದಿಂದ ಗಂಡನ ಹೊಲದ ಎಲೆಗೆ ಮೂಗು ಮುರಿಯುತ್ತ ಬಂದಿದ್ದಾರೆ. ಈ ಸಲ ಅವರ ಸಂಚಿಯೊಳಗೆ ತಮ್ಮ ಎಲೆ ಹೋಗಲೇಬೇಕೆಂದು ಮಾವ ಹಟ ತೊಟ್ಟರು. ನೇಸರಗಿಯ ನಮ್ಮ ಹಿತ್ತಲಲ್ಲಿ ಬಿದ್ದಿದ್ದ ಫ್ರಿಜ್ಜಿನೊಳಗೆ ನಾಲ್ಕೈದು ಬಲ್ಬು ಕೂಡಿಸಿ, ತಂತಿಗೆ ಹಸಿ ಎಲೆ ತೂಗುಹಾಕಿ, ಕೆಳಗೆ ನೀರಿನ ಬೋಗುಣಿ ಇಟ್ಟರು. ಮೂರು ದಿನ ಮೂವತ್ತೆಂಟು ಡಿಗ್ರಿಯಲ್ಲಿ ಎಲೆ ಹಳದಿಗೆ ತಿರುಗಬೇಕು, ಆಮೇಲೆ ನೀರು ತೆಗೆದು ಕಾವು ಏರಿಸಿ ಒಣಗಿಸಬೇಕು. ಕಾವು ತೋರಿಸುವ ಮೀಟರು, ಬಲ್ಬಿನ ಸ್ವಿಚ್ಚು ಎರಡೂ ಹೊರಗೇ ಇದ್ದವು. ಬಾಗಿಲು ತೆರೆಯುವ ಅಗತ್ಯವೇ ಇರಲಿಲ್ಲ.

ಮಾವ ತೆರೆಯುತ್ತಿದ್ದರು. ಚಹಾ ಕುಡಿದು ಒಮ್ಮೆ, ಪೇಪರ್ ಓದಿ ಒಮ್ಮೆ, ಸುಮ್ಮನೆ ಮನಸ್ಸು ತಡೆಯದೆ ಒಮ್ಮೆ. ತೆರೆದಾಗಲೆಲ್ಲ ಕಾವು ಇಳಿಯುತ್ತಿತ್ತು. ಗಾಬರಿಯಾಗಿ ಎಲ್ಲ ಬಲ್ಬು ಹಾಕುತ್ತಿದ್ದರು, ಕಾವು ಮಿತಿಮೀರಿ ಏರುತ್ತಿತ್ತು. ಹೀಗೆ ಎರಡು ಸಲ ಎಲೆ ತೂಗುಹಾಕಿದರು, ಎರಡು ಸಲವೂ ಹಸಿರಾಗಿಯೇ ಒಣಗಿ ಪುಡಿಯಾಯಿತು. ಇನ್ನು ಗಿಡದಲ್ಲಿ ಉಳಿದದ್ದು ಮೂವತ್ತೇ ಎಲೆ.

"ಇದೇನ ನಿಮ್ಮ ಬಸ್ಸೇನ್ರಿ, ಕೈ ಮಾಡಿದಲ್ಲೆ ನಿಂದರಸಿ ಬಾಗಲಾ ತಗ್ಯಾಕ?" ಎಂದರು ಅತ್ತೆ.

"ಒಳಗ ಏನ ನಡದೈತಿ ಅಂತ ತಿಳೀಬೇಕಲ್ಲ?"

"ಮೀಟರ್ ಹೇಳತೈತಲ್ಲ."

"ಮೀಟರಿಗೇನ ಕಣ್ಣ ಅದಾವ?"

ಉಳಿದ ಎಲೆ ತೂಗುಹಾಕಿದ ಮರುದಿನ ಬೆಳಿಗ್ಗೆ ನೋಡಿದರೆ, ಫ್ರಿಜ್ಜಿನ ಬಾಗಿಲ ಮೇಲೆ ಉಗರಗೋಳದಿಂದ ತಂದ ಎಲ್ಲಮ್ಮನ ಫೋಟೋ! ಭಂಡಾರದ ಹಳದಿ ಪುಡಿ, ಕುಂಕುಮ, ಮೇಲೊಂದು ಹೂವು.

"ಐದ ದಿನ ಪೂಜಿ ಹಿಡದೇನಿ," ಎಂದರು ಅತ್ತೆ. "ಬಾಗಲಾ ಮುಟ್ಟೂದಿದ್ರ ಜಳಕಾ ಮಾಡಿ ಮುಟ್ರಿ."

ಜಳಕವಿಲ್ಲದೆ ದೇವರನ್ನು ಮುಟ್ಟಿದವರಲ್ಲ ನಮ್ಮ ಮಾವ. ಮೊದಲ ದಿನ ನಾಲ್ಕು ಸಲ ಜಳಕ ಮಾಡಿದರು. ನೀರು ಕಾಯಿಸಿ ಕಾಯಿಸಿ ನನಗೆ ಸಾಕಾಯಿತು. ನಾಲ್ಕನೆಯ ಸಲ, "ಹಂಡೆ ಖಾಲಿ ಐತ್ರಿ ಮಾವಾರ," ಎಂದುಬಿಟ್ಟೆ. ಜನವರಿಯ ಚಳಿಯಲ್ಲಿ ತಣ್ಣೀರು ಸುರುವಿಕೊಂಡವರು ಸಂಜೆಯತನಕ ಸೀನಿದರು. ಎರಡನೆಯ ದಿನದಿಂದ ಜಳಕ ಬೆಳಿಗ್ಗೆ ಒಂದೇ, ಅದೂ ಫ್ರಿಜ್ಜಿನ ಸಲುವಾಗಿ ಅಲ್ಲ. ಮೀಟರಿನ ಮುಂದೆ ಕುರ್ಚಿ ಹಾಕಿ ಕುಳಿತರು. ಮೂವತ್ತೇಳಕ್ಕೆ ಇಳಿದರೆ ಒಂದು ಬಲ್ಬು ಹಾಕುವುದು, ಮೂವತ್ತೊಂಬತ್ತಾದರೆ ಆರಿಸುವುದು. ಕೈ ಬಾಗಿಲ ಕಡೆ ಹೋದಾಗಲೆಲ್ಲ ಎಲ್ಲಮ್ಮನನ್ನು ನೋಡಿ ಹಿಂದೆ ಎಳೆದುಕೊಳ್ಳುತ್ತಿದ್ದರು. ನನಗೆ ನಗು ತಡೆಯಲಾಗುತ್ತಿರಲಿಲ್ಲ.

ನಾಲ್ಕನೆಯ ಬೆಳಿಗ್ಗೆ, ನೀರಿನ ಬೋಗುಣಿ ತೆಗೆಯಲು, ಜಳಕ ಮಾಡಿ ಕೈಮುಗಿದು ಬಾಗಿಲು ತೆರೆದರು. ಮೂವತ್ತೂ ಎಲೆ ಅರಿಷಿಣ ಬಳಿದಂತೆ ಹಳದಿಯಾಗಿದ್ದವು. ಮಾವ ಬೋಗುಣಿ ತೆಗೆದು ಎಲ್ಲ ಬಲ್ಬು ಹಾಕಿದರು. ಮತ್ತೆರಡು ದಿನ ಒಣಗಿಸಿ, ಒಂದು ಎಲೆ ತಂದು ಅತ್ತೆಯ ಕೈಗಿಟ್ಟರು.

ಅತ್ತೆ ಸುಣ್ಣ ಹಚ್ಚಿ ತಿಕ್ಕಿ ಬಾಯಿಗೆ ಹಾಕಿಕೊಂಡರು. ಮಾವ ನಿಂತೇ ಇದ್ದರು.

"ಅಣ್ಣನ ಎಲಿ ಇನ್ನೂ ಖಾರ ಇರತೈತಿ," ಎಂದರು ಅತ್ತೆ.

ಮಾವನ ಮುಖ ಸಪ್ಪಗಾಯಿತು. ಹಿತ್ತಲಿಗೆ ಹೋಗಿ ಬಲ್ಬು ಬಿಚ್ಚತೊಡಗಿದರು. ನನಗೆ ಅತ್ತೆಯ ಮೇಲೆ ಖರೇ ಸಿಟ್ಟು ಬಂತು. ನಲವತ್ತು ವರ್ಷಕ್ಕೆ ಒಂದು ಒಳ್ಳೆಯ ಮಾತು ಆಡಿದರೆ ಏನು ಗಂಟು ಹೋಗುತ್ತದೆ?

ಅಷ್ಟರಲ್ಲಿ ಅತ್ತೆ ಸಂಚಿ ಬಿಚ್ಚಿ, ರಾಮದುರ್ಗದ ತಂಬಾಕನ್ನೆಲ್ಲ ಪೇಪರಿನ ಮೇಲೆ ಸುರುವಿದರು. "ಪೂನಮ್, ಇದನ್ನ ಡಬ್ಬ್ಯಾಗ ತುಂಬಿಡು. ಬಂದವರಿಗೆ ಕೊಡಾಕ ಬರತೈತಿ," ಎಂದು ನನಗೆ ಹೇಳಿದರು. ಖಾಲಿ ಸಂಚಿಗೆ ಹೊಸ ಎಲೆಯನ್ನು ಮುರಿದು ತುಂಬಿ, ದಾರ ಎಳೆದು, ಸೊಂಟಕ್ಕೆ ಸಿಕ್ಕಿಸಿಕೊಂಡರು.

ಹಿತ್ತಲ ಬಾಗಿಲಲ್ಲಿ ನಿಂತು ಮಾವ ನೋಡಿಬಿಟ್ಟಿದ್ದರು. ಬಿಚ್ಚಿದ ಬಲ್ಬು ಇನ್ನೂ ಕೈಯಲ್ಲೇ ಇತ್ತು.

"ಮುಂದಿನ ವರ್ಷ ನೂರ ಎಲಿ ಹಾಕತೇನಿ," ಎಂದರು.

"ಹಾಕ್ರಿ," ಎಂದರು ಅತ್ತೆ. "ಎಲ್ಲವ್ವನ ಫೋಟೋ ಮಾತ್ರ ಅಲ್ಲೇ ಇರಲಿ."