ಒರೆಸಬಾರದ ಕನ್ನಡಿ

ಆಕಾಶದ ವಿಷಯ ಬರೆಯಲು ನನಗೆ ಯಾವ ಅಧಿಕಾರವೂ ಇಲ್ಲ. ಮೊದಲೇ ಕ್ಷಮೆ ಕೇಳಿಕೊಳ್ಳುತ್ತೇನೆ. ಇಂಡಿ ಪಟ್ಟಣದ ಒಂದು ಕಾಲೇಜಿನ ಕಚೇರಿಯಲ್ಲಿ ನಾನು ಸಿಪಾಯಿ. ಸಂಜೆ ತರಗತಿಗೆ ಹೋಗಿ ಪಿಯುಸಿ ಮುಗಿಸಿದವನು. ಗ್ರಹ, ನಕ್ಷತ್ರಗಳ ಬಗ್ಗೆ ಗೊತ್ತಿರುವುದು ಪಕ್ಕದ ಮನೆಯ ಸಾವಿತ್ರೀಬಾಯಿಯವರಿಂದ ಕೇಳಿದಷ್ಟೇ. ಆದರೂ ನಾನು ಮಾಡಿದ್ದನ್ನು ನಾನೇ ಹೇಳದಿದ್ದರೆ ಬೇರೆ ಯಾರೂ ಹೇಳಲಾರರು.

ಬಾಯಾರು ಎಂದೇ ನಾವು ಕರೆಯುವ ಅವರು ಗಣಿತ ಕಲಿಸಿ ನಿವೃತ್ತರಾದವರು. ಕಳೆದ ದೀಪಾವಳಿಗೆ, ಅರವತ್ತೆಂಟನೆಯ ವಯಸ್ಸಿನಲ್ಲಿ, ಒಂದು ದುರ್ಬೀನು ತರಿಸಿದರು. ಅವರಿಗೆ ಮೊಳಕಾಲು ನೋವು. ಹೀಗಾಗಿ ಅದನ್ನು ಹಿತ್ತಲಿಗೆ ಹೊತ್ತು ತಂದು ಸ್ಟ್ಯಾಂಡಿನ ಮೇಲೆ ಕೂರಿಸುವುದು ನನ್ನ ಕೆಲಸವಾಯಿತು. ಹಗಲಿನಲ್ಲೇ ಅದನ್ನು ದೂರದ ಮೊಬೈಲ್ ಟವರಿನ ತುದಿಗೆ ಹಿಡಿಯಬೇಕು. ಗುರಿ ಹಿಡಿಯಲೆಂದು ಅದರ ಮೇಲಿರುವ ಸಣ್ಣ ಕೊಳವೆಯಲ್ಲೂ ಅದೇ ತುದಿ ಕಾಣುವಂತೆ ಹೊಂದಿಸಬೇಕು. ಟವರು ತಲೆಕೆಳಗಾಗಿ ಕಂಡರೆ ಗಾಬರಿಯಾಗಬಾರದು. ನೋಡುವ ಮೊದಲು ಅರ್ಧ ತಾಸು ಹೊರಗಿಟ್ಟು ಆರಲು ಬಿಡಬೇಕು. ಇಷ್ಟೂ ಅವರು ಪುಸ್ತಕ ಓದಿ ನನಗೆ ಹೇಳಿಕೊಟ್ಟದ್ದು.

ಎಲ್ಲ ಮಾಡಿದರೂ ಗುರುಗ್ರಹ ಅವರಿಗೆ ಹತ್ತಿಯ ಉಂಡೆಯಂತೆ ಕಾಣುತ್ತಿತ್ತು. ನಾನು ಬಗ್ಗಿ ನೋಡಿದರೆ ಅದರ ಅಕ್ಕಪಕ್ಕ ಸಾಸಿವೆಯಂಥ ನಾಲ್ಕು ಚುಕ್ಕೆಗಳು ಸಾಲಾಗಿ ಇರುತ್ತಿದ್ದವು. ಅವು ಗುರುವಿನ ಚಂದ್ರಗಳಂತೆ.

"ತರಿಸಿದಾಕಿಗೆ ಹತ್ತಿ, ಹೊತ್ತವಗ ಚಂದ್ರ," ಎಂದರು ಬಾಯಾರು. "ದುರ್ಬೀನಕ್ಕೂ ಮಂದಿ ಮಾರಿ ನೋಡಿ ತೋರಸೂ ಚಟ ಅದ."

ಸೊಲ್ಲಾಪುರದ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಜನವರಿಯಲ್ಲಿ ಬಲಗಣ್ಣಿನ ಆಪರೇಶನ್, ಮಾರ್ಚಿನಲ್ಲಿ ಎಡಗಣ್ಣಿನದು ಎಂದು ಗೊತ್ತಾಯಿತು. ಬಾಯಾರು ಅಲ್ಲಿಯ ತಂಗಿಯ ಮನೆಯಲ್ಲಿ ಮೂರು ವಾರ ಉಳಿಯಲು ಹೊರಟರು. ದುರ್ಬೀನು ನಮ್ಮ ಮನೆಗೆ ಬಂತು.

"ಧೂಳು ಕೂಡಗೊಡಬ್ಯಾಡ," ಎಂದಷ್ಟೇ ಹೇಳಿ ಸೊಲ್ಲಾಪುರದ ದಾರಿಯ ಝಳಕಿ ಬಸ್ಸು ಹತ್ತಿದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ದಿನಾ ಬೆಳಿಗ್ಗೆ ಕಚೇರಿಯಲ್ಲಿ ನಾನು ಮಾಡುವ ಮೊದಲ ಕೆಲಸವೇ ಗೋಡೆಯ ಫೋಟೊಗಳ ಗಾಜು ಒರೆಸುವುದು. ಒಂದು ಸಂಜೆ ಟಾರ್ಚ್ ಹಾಕಿ ಕೊಳವೆಯೊಳಗೆ ನೋಡಿದೆ. ತಳದ ಕನ್ನಡಿಯ ಮೇಲೆ ಧೂಳು ಕೂತಿತ್ತು. ಹಿಂದಿನ ಸ್ಕ್ರೂಗಳನ್ನು ಬಿಚ್ಚಿ, ಚಹಾದ ಬಸಿಯಷ್ಟು ಅಗಲದ ಆ ಕನ್ನಡಿಯನ್ನು ಹೊರತೆಗೆದು, ಗಾಜು ಒರೆಸುವ ನೀಲಿ ನೀರು ಸಿಂಪಡಿಸಿ, ಹಳೆಯ ಬನಿಯನ್ನಿನಿಂದ ಚೆನ್ನಾಗಿ ತಿಕ್ಕಿದೆ. ಫಳಫಳ ಹೊಳೆಯಿತು. ಮತ್ತೆ ಕೂರಿಸಿ, ಏನೂ ಸಡಿಲ ಉಳಿಯಬಾರದೆಂದು ಎಲ್ಲ ಸ್ಕ್ರೂಗಳನ್ನೂ ಕೊನೆಯವರೆಗೆ ಬಿಗಿದೆ.

"ಮನ್ಯಾನ ಕನ್ನಡಿ ಒರಸ್ರಿ ಅಂದ್ರ ಕಿವಿ ಕೇಳಂಗಿಲ್ಲ," ಎಂದಳು ಹೆಂಡತಿ ಯಲ್ಲವ್ವ. "ಬಾಯಾರ ಕನ್ನಡಿಗಿ ಬನಿಯನ್ನ ಹರ್ಕೋತೀರಿ."

ಮರುದಿನ ದುರ್ಬೀನಿನ ಪೆಟ್ಟಿಗೆಯ ತಳದಲ್ಲಿ ಒಂದು ಮಡಿಸಿದ ಹಾಳೆ ಸಿಕ್ಕಿತು. ಇಂಗ್ಲಿಷು. ಪದಕೋಶ ಇಟ್ಟುಕೊಂಡು ಓದಿದೆ. ಕನ್ನಡಿಯನ್ನು ಬಟ್ಟೆಯಿಂದ ಒರೆಸಬೇಡಿ, ಅದರ ತೆಳು ಲೇಪ ಹಾಳಾಗುತ್ತದೆ ಎಂದಿತ್ತು. ಟಾರ್ಚ್ ಓರೆ ಹಿಡಿದು ನೋಡಿದರೆ ಕೂದಲಿನಂಥ ಗೆರೆಗಳು, ನನ್ನ ಕೈ ತಿರುಗಿದ ಹಾಗೆಯೇ ದುಂಡಗೆ. ಒಂದು ಸಂಜೆ ಹೊರಗಿಟ್ಟು ಗುರುವನ್ನು ನೋಡಿದ್ದರೆ ಎಷ್ಟು ಕೆಟ್ಟಿದೆ ಎಂದು ತಿಳಿಯುತ್ತಿತ್ತು. ಧೈರ್ಯ ಬರಲಿಲ್ಲ. ಊಟಕ್ಕೆ ಕೂತವನು ನಡುವೆ ಎದ್ದು ಹೋಗಿ ಪೆಟ್ಟಿಗೆ ಮುಟ್ಟಿ ಬರುತ್ತಿದ್ದೆ.

ಫೆಬ್ರವರಿ ಮೊದಲ ವಾರ ಬಾಯಾರು ಬಂದರು. ಅಂದೇ ಏಳೂವರೆಗೆ ಹಿತ್ತಲಲ್ಲಿ ದುರ್ಬೀನು ನಿಲ್ಲಿಸಿದೆ. ಅವರು ಹೊಸ ಕಣ್ಣು ಹಚ್ಚಿ ಬಹಳ ಹೊತ್ತು ನೋಡಿದರು.

"ಮೊದಲಿಗಿಂತ ಮಬ್ಬು ಅದಲ್ಲೋ," ಎಂದರು. "ನೀ ನೋಡು."

ನಾಲ್ಕು ಚುಕ್ಕೆ ಎಲ್ಲೂ ಇರಲಿಲ್ಲ. ಬಾಲ ಬಂದ ಒಂದು ಬೆಳಕಿನ ಮುದ್ದೆ.

"ಮೋಡ ಇರಬೇಕ್ರಿ," ಎಂದೆ. ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ.

ಅವರು ಒಳಗೆ ಹೋಗಿ ತಂಗಿಗೆ ಫೋನು ಹಚ್ಚಿ ಮರಾಠಿಯಲ್ಲಿ ಮಾತಾಡಿದ್ದು ಹಿತ್ತಲಿಗೆ ಕೇಳಿಸಿತು. ಬಲಗಣ್ಣು ಕೈಕೊಟ್ಟಿದೆ, ಮಾರ್ಚಿಗೆ ಬರುವುದಿಲ್ಲ, ಎಡಗಣ್ಣು ಇದ್ದಷ್ಟು ದಿನ ಇರಲಿ ಎನ್ನುತ್ತಿದ್ದರು. ಅವರು ಬಾಗಿಲಿಗೆ ಬಂದಾಗ ಮತ್ತೊಮ್ಮೆ ಡಾಕ್ಟರಿಗೆ ತೋರಿಸೋಣ ಎಂದೆ. "ಸಾಕಪ್ಪ," ಎಂದು ಬಾಗಿಲು ಹಾಕಿಕೊಂಡರು.

ಎರಡು ದಿನ ಕಚೇರಿಯಲ್ಲಿ ಒಂದು ಫೋಟೊ ಕೂಡ ಒರೆಸಲು ಕೈ ಬರಲಿಲ್ಲ. ಮೂರನೆಯ ದಿನ ಹೋಗಿ ಅವರ ಕಟ್ಟೆಯ ಹತ್ತಿರ ನಿಂತೆ.

"ಬಾಯಾರ, ನಿಮ್ಮ ಕಣ್ಣಿಗಿ ಏನೂ ಆಗಿಲ್ರಿ. ನಾನ ಮಾಡೇನಿ."

"ನನ್ನ ಕಣ್ಣಾಗ ನೀ ಏನು ಮಾಡಿದಿ?"

"ದುರ್ಬೀನದಾನ ಕನ್ನಡಿ ಒರಸೇನ್ರಿ. ಬನಿಯನ್ನಿಲೆ."

"ಒಗದದ್ದೋ, ಮೈಮ್ಯಾಲಿಂದೋ?"

"ಒಗದದ್ರಿ."

"ಅಷ್ಟರೆ ಮರ್ಯಾದಿ ಕೊಟ್ಟಿ." ನಗಲಿಲ್ಲ. "ಮೋಡ ಅಂದಿದ್ದಿ."

"ಸುಳ್ಳು ಹೇಳಿದ್ನಿರಿ."

ಅವರು ಆಪರೇಶನ್ನಿನ ಕಪ್ಪು ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೈಯುತ್ತಾರೆಂದು ಕಾದೆ.

"ಸ್ಕ್ರೂ ಹೆಂಗ ಬಿಗದಿ?"

"ಗಟ್ಟಿ ಬಿಗದೇನ್ರಿ. ಬೆಂಚಿಗಿ ಬಿಗದಂಗ."

ಪುಸ್ತಕ ತರಿಸಿ ಎರಡು ಪುಟ ಓದಿದರು. ಬಿಗಿದದ್ದಕ್ಕೆ ಕನ್ನಡಿ ಓರೆಯಾಗಿರಬೇಕು ಎಂದರು. ಅಂದು ಸಂಜೆ ನಾನು ಕೊಳವೆಯ ಹಿಂದೆ ಮೊಳಕಾಲೂರಿ ಸ್ಕ್ರೂಗಳನ್ನು ಕೂದಲೆಳೆಯಷ್ಟು ಸಡಿಲಿಸುತ್ತ ಹೋದೆ. ಅವರು ಮುಂದೆ ಸ್ಟೂಲಿನ ಮೇಲೆ ಕೂತು, ಬಲಗಣ್ಣು ಹಚ್ಚಿ, ಲೆಕ್ಕ ಬಿಡಿಸುವವರಂತೆ ಹೇಳುತ್ತಿದ್ದರು: "ಆ ಕಡೆ. ಮತ್ತ ಆ ಕಡೆ. ಹೆಚ್ಚಾತು, ಹಿಂದ ತಗೋ." ಮುಕ್ಕಾಲು ತಾಸಾಗಿರಬೇಕು. ನನ್ನ ಬೆರಳು ಮರಗಟ್ಟಿದ್ದವು.

"ನಿಂದ್ರು," ಎಂದರು. ನನ್ನ ಕಡೆ ತಿರುಗಿ, "ಕಂಡವು. ಮೂರು."

ನಾನೂ ನೋಡಲು ಎದ್ದು ಬಂದು ಬಗ್ಗಿದೆ. ಗುರು ಅಷ್ಟರಲ್ಲಿ ಸರಿದು ಹೋಗಿತ್ತು. ಒಳಗೆ ಬರೀ ಕತ್ತಲೆ. ಮತ್ತೆ ಹಿಡಿಯಲು ಹೊರಟರೆ ಬಾಯಾರು ಮುಚ್ಚಳ ಹಾಕಿದರು.

"ಇವತ್ತಿಗೆ ಸಾಕು. ಚಳಿ ಆಗ್ಲಿಕ್ಹತ್ತೇದ."

ಮರುದಿನ ತಂಗಿಗೆ ಫೋನು ಮಾಡಿ ಮಾರ್ಚಿಗೆ ಬರುತ್ತೇನೆ ಎಂದರು. ಇವತ್ತು ಬೆಳಿಗ್ಗೆ ನಾನೇ ಚೀಲ ಹಿಡಿದು ಅವರನ್ನು ಬಸ್ಸಿಗೆ ಹತ್ತಿಸಿ ಬಂದೆ. ಈ ಸಲ ಧೂಳಿನ ಮಾತು ಆಡಲಿಲ್ಲ. ದುರ್ಬೀನು ಮತ್ತೆ ನಮ್ಮ ಮನೆಯಲ್ಲಿದೆ. ನಾನು ಅದನ್ನು ಬಿಚ್ಚಿಲ್ಲ, ಹೊರಗಿಟ್ಟು ನೋಡಿಯೂ ಇಲ್ಲ. ಆ ಸಂಜೆ ಅವರಿಗೆ ನಿಜವಾಗಿ ಮೂರು ಚಂದ್ರ ಕಂಡವೋ, ನನ್ನ ಮುಖ ನೋಡಿ ಹಾಗೆ ಹೇಳಿದರೋ, ನನಗೆ ಗೊತ್ತಿಲ್ಲ.